ದಂಡ ಕಟ್ಟಿದ ಮೇಲೂ ಮುಗಿಯದ ಪ್ರಕರಣ

ಕಮಲಾಪುರದ ಹಿರಿಯ ರೈತರೊಬ್ಬರು ಕೆಲವು ತಿಂಗಳ ಹಿಂದೆ ಕಲಬುರಗಿಯ ನನ್ನ ಕಚೇರಿಗೆ ಬಂದಿದ್ದರು. ಆ ಊರಿಗೆ ಹೆಸರು ತಂದ ಕೆಂಪುಬಾಳೆಯನ್ನು ಎರಡು ಎಕರೆಯಲ್ಲಿ ಬೆಳೆಯುವವರು. ಮಗಳು ಅಮೆರಿಕದಲ್ಲಿದ್ದಾಳೆ, ಚೊಚ್ಚಲ ಹೆರಿಗೆ. ಬಾಣಂತನಕ್ಕೆಂದು ಗಂಡ ಹೆಂಡತಿ ಇಬ್ಬರೂ ಹೊರಡಬೇಕಾಗಿತ್ತು. ಪಾಸ್‌ಪೋರ್ಟ್ ಯಾವ ತಕರಾರೂ ಇಲ್ಲದೆ ಕೈಸೇರಿತ್ತು. ವೀಸಾ ಅರ್ಜಿಯನ್ನು ಅಳಿಯ ಅಲ್ಲಿಂದಲೇ ಫೋನಿನಲ್ಲಿ ಕೇಳಿಕೊಂಡು ತುಂಬುತ್ತಿದ್ದಾಗ ಒಂದು ಪ್ರಶ್ನೆ ಎದುರಾಯಿತು: ನೀವು ಎಂದಾದರೂ ಯಾವುದೇ ಅಪರಾಧಕ್ಕಾಗಿ ಬಂಧಿತರಾಗಿದ್ದೀರಾ ಅಥವಾ ಶಿಕ್ಷೆಗೆ ಒಳಗಾಗಿದ್ದೀರಾ? ಕ್ಷಮಾದಾನ ದೊರೆತಿದ್ದರೂ ತಿಳಿಸಬೇಕೆಂಬ ಸೂಚನೆ ಆ ಪ್ರಶ್ನೆಯಲ್ಲಿಯೇ ಇದೆ. ಅಳಿಯ ಸಹಜವಾಗಿ ‘ಇಲ್ಲ’ ಎಂದು ಗುರುತು ಹಾಕುವವನಿದ್ದ. ಆಗ ಹಿರಿಯರಿಗೆ ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಪಂಚಮಿ ಹಬ್ಬ ನೆನಪಾಯಿತು. ಗುಡಿಯ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ಏಳೆಂಟು ಮಂದಿಯನ್ನು ಪೊಲೀಸರು ಹಿಡಿದೊಯ್ದಿದ್ದರು. ಕೋರ್ಟಿಗೆ ಹಾಜರುಪಡಿಸಿದ ದಿನವೇ ಎಲ್ಲರೂ ತಪ್ಪೊಪ್ಪಿಕೊಂಡು, ಕೆಲವು ನೂರು ರೂಪಾಯಿ ದಂಡ ತೆತ್ತು, ಸಂಜೆಯ ಬಸ್ಸಿಗೆ ಊರಿಗೆ ಮರಳಿದ್ದರು.

‘ದಂಡ ಕಟ್ಟೀನ್ರಿ ಸಾಹೇಬ್ರ, ರಸೀದಿನೂ ಕೊಟ್ಟಾರ. ಅಲ್ಲಿಗೆ ಮುಗದು ಹೋತಲ್ರಿ?’ ಎಂದು ಅವರು ನನ್ನನ್ನು ಕೇಳಿದರು.

ಮುಗಿಯಲಿಲ್ಲ ಎಂಬುದೇ ಉತ್ತರ. ಕಾನೂನಿನ ಭಾಷೆಯಲ್ಲಿ ತಪ್ಪೊಪ್ಪಿಗೆಯ ಮೇಲೆ ವಿಧಿಸಿದ ದಂಡವೂ ಅಪರಾಧ ಸಾಬೀತಾಗಿ ವಿಧಿಸಿದ ಶಿಕ್ಷೆಯೇ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 87ನೆಯ ಕಲಮಿನ ಅಡಿಯಲ್ಲಿ, ಅಂದರೆ ಸಾರ್ವಜನಿಕ ಸ್ಥಳದಲ್ಲಿ ಜೂಜಾಡಿದ್ದಕ್ಕಾಗಿ, ನಮ್ಮ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಹೀಗೆ ದಂಡ ಕಟ್ಟುವವರಿಗೆ ಕೊರತೆಯಿಲ್ಲ. ಹತ್ತು ಸಲ ಕೋರ್ಟಿಗೆ ಅಲೆಯುವುದಕ್ಕಿಂತ ಒಂದೇ ಸಲ ಒಪ್ಪಿಕೊಂಡು ಕೈತೊಳೆದುಕೊಳ್ಳುವುದು ಲೇಸೆಂದು ಅವರಿಗೆ ಹೇಳಿಕೊಡುವವರು ವಕೀಲರಾದ ನಾವೇ. ಹಾಗೆ ಹೇಳುವಾಗ ಈ ಒಂದು ದಿನದ ಅನುಕೂಲ ಮುಂದೊಂದು ದಿನ ಯಾವ ಕಾಗದದಲ್ಲಿ, ಯಾವ ದೇಶದ ಕಿಟಕಿಯಲ್ಲಿ ಎದುರಾದೀತು ಎಂದು ನಾವು ಯೋಚಿಸುವುದಿಲ್ಲ.

ಹಾಗಾದರೆ ಅಪರಾಧದ ದಾಖಲೆಯುಳ್ಳವರು ವಿದೇಶಕ್ಕೆ ಹೋಗುವಂತಿಲ್ಲವೇ? ಮಧ್ಯಮ ವರ್ಗದ ಮನೆಗಳಲ್ಲಿ ಈ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ. ಪೊಲೀಸ್ ಠಾಣೆಯಲ್ಲಿ ಹೆಸರು ಬಿದ್ದರೆ ಪಾಸ್‌ಪೋರ್ಟ್ ಸಿಗದು ಎಂಬುದು ಮೊದಲನೆಯದು. ಪಾಸ್‌ಪೋರ್ಟ್ ಒಮ್ಮೆ ಸಿಕ್ಕಿತೆಂದರೆ ಹಳೆಯದೆಲ್ಲ ಅಳಿಸಿಹೋಯಿತು ಎಂಬುದು ಎರಡನೆಯದು. ಎರಡೂ ನಿಜವಲ್ಲ. ನಿಜ ಇವೆರಡಕ್ಕಿಂತ ವಿಚಿತ್ರವಾಗಿದೆ.

ವಿದೇಶಕ್ಕೆ ಹೋಗುವುದು ಸರ್ಕಾರದ ಕೃಪೆಯಲ್ಲ, ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿರುವ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ತೀರ್ಪಿತ್ತಿತು. ಅದುವರೆಗೆ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಅಧಿಕಾರಿಗಳ ಮರ್ಜಿಗೆ ಸೇರಿತ್ತು. ಆ ತೀರ್ಪಿನ ಕಾರಣದಿಂದಲೇ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂದಿತು. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು ಈ ಹಕ್ಕನ್ನು ಮತ್ತಷ್ಟು ವಿಸ್ತರಿಸಿ, ಅದನ್ನು ಮೊಟಕುಗೊಳಿಸುವ ವಿಧಾನ ನ್ಯಾಯಸಮ್ಮತವೂ ವಿವೇಕಯುತವೂ ಆಗಿರಬೇಕೆಂದು ಸಾರಿತು. ಈ ತತ್ವ ಕಮಲಾಪುರದ ಅರ್ಜಿದಾರನ ಮಟ್ಟಕ್ಕೆ ಬಂದಾಗ ಹೇಗೆ ಕೆಲಸ ಮಾಡುತ್ತಿದೆ ಎಂಬುದು ಇಲ್ಲಿರುವ ಪ್ರಶ್ನೆ.

ಕಾಯ್ದೆಯ 6ನೆಯ ಕಲಮಿನ ಎರಡನೆಯ ಉಪಕಲಮಿನಲ್ಲಿ ಪಾಸ್‌ಪೋರ್ಟ್ ನಿರಾಕರಿಸಲು ಇರುವ ಕಾರಣಗಳ ಪಟ್ಟಿಯಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದವು ಅದರಲ್ಲಿ ಎರಡು. ಅರ್ಜಿ ಸಲ್ಲಿಸುವ ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧವೊಂದರಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಗಿ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸದ ಶಿಕ್ಷೆಯಾಗಿದ್ದರೆ ನಿರಾಕರಿಸಬಹುದು ಎನ್ನುತ್ತದೆ ಒಂದು. ಅರ್ಜಿದಾರನ ಮೇಲೆ ಭಾರತದ ಯಾವುದೇ ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದ್ದರೆ ನಿರಾಕರಿಸಬಹುದು ಎನ್ನುತ್ತದೆ ಇನ್ನೊಂದು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಶಿಕ್ಷೆಯಾದವನ ವಿಷಯದಲ್ಲಿ ಕಾಯ್ದೆ ಮೂರು ಅಳತೆಗೋಲುಗಳನ್ನು ಇಟ್ಟುಕೊಂಡಿದೆ: ಅಪರಾಧದ ಸ್ವರೂಪ, ಶಿಕ್ಷೆಯ ಪ್ರಮಾಣ, ಕಳೆದ ಕಾಲ. ಆರೋಪ ಮಾತ್ರ ಹೊತ್ತವನ ವಿಷಯದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಕೊಲೆಯ ಆರೋಪವಾಗಲಿ, ರಸ್ತೆಗೆ ಅಡ್ಡ ನಿಂತ ಆರೋಪವಾಗಲಿ, ಪ್ರಕರಣ ‘ಬಾಕಿ’ ಇದ್ದರೆ ಸಾಕು. ಅದು ಎಷ್ಟು ವರ್ಷದಿಂದ ಬಾಕಿಯಿದೆ ಎಂದು ಕೇಳುವ ಗೋಜಿಗೆ ಕಾಯ್ದೆ ಹೋಗುವುದಿಲ್ಲ. ಗಂಭೀರ ಅಪರಾಧದಲ್ಲಿ ಶಿಕ್ಷೆ ಅನುಭವಿಸಿದವನಿಗೂ ಐದು ವರ್ಷ ಕಳೆದ ಮೇಲೆ ಈ ಅಡ್ಡಿ ಇಲ್ಲವಾಗುತ್ತದೆ. ನಿರಪರಾಧಿಯಾಗಿರಬಹುದಾದ ಆರೋಪಿಗೆ ಮಾತ್ರ ಅವಧಿಯ ಮಿತಿಯೆಂಬುದೇ ಇಲ್ಲ.

ಇದು ಕೇವಲ ತರ್ಕದ ಮಾತಲ್ಲ. ಕಮಲಾಪುರದ ಭಾಗದವನೇ ಆದ ಐಟಿಐ ಓದಿದ ಯುವಕನೊಬ್ಬನ ಉದಾಹರಣೆ ಹೇಳುತ್ತೇನೆ. ತೊಗರಿಗೆ ಬೆಲೆ ಸಿಗಲಿಲ್ಲವೆಂದು ರೈತರು ಹುಮನಾಬಾದ್ ಕಡೆಗಿನ ಹೆದ್ದಾರಿಯಲ್ಲಿ ಕುಳಿತ ದಿನ ಅವನೂ ಅಪ್ಪನ ಜೊತೆ ಅಲ್ಲಿದ್ದ. ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಲೆ ಅಕ್ರಮ ಕೂಟ ಮತ್ತು ಅಕ್ರಮ ತಡೆಯ ಆರೋಪದ ಮೇಲೆ, ಅಂದಿನ ಭಾರತೀಯ ದಂಡ ಸಂಹಿತೆಯ 143 ಮತ್ತು 341ನೆಯ ಕಲಮುಗಳ ಅಡಿಯಲ್ಲಿ, ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಆರೋಪಿಗಳಲ್ಲಿ ಹಲವರು ಗುಳೆ ಹೋಗುವವರು. ಒಬ್ಬ ಮುಂಬೈಯಲ್ಲಿದ್ದರೆ ಇನ್ನೊಬ್ಬ ಪುಣೆಯಲ್ಲಿ. ಎಲ್ಲರೂ ಒಂದೇ ದಿನ ಹಾಜರಾಗುವುದಿಲ್ಲ, ಹಾಜರಾದ ದಿನ ಸಾಕ್ಷಿ ಬರುವುದಿಲ್ಲ. ಏಳು ವರ್ಷ ಕಳೆದರೂ ವಿಚಾರಣೆ ಮುಂದಕ್ಕೆ ಹೋಗಲಿಲ್ಲ. ಈ ನಡುವೆ ಅವನಿಗೆ ಕೊಲ್ಲಿ ರಾಷ್ಟ್ರವೊಂದರಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಗೊತ್ತಾಗಿತ್ತು. ಆರೋಪ ಸಾಬೀತಾದರೂ ಈ ಕಲಮುಗಳಲ್ಲಿ ಆಗಬಹುದಾದ ಗರಿಷ್ಠ ಸೆರೆವಾಸ ಆರು ತಿಂಗಳು. ಅಂಥ ಶಿಕ್ಷೆ ಎಂದೋ ಆಗಿ ಮುಗಿದಿದ್ದರೂ ಪಾಸ್‌ಪೋರ್ಟಿಗೆ ಅಡ್ಡಿಯಾಗುತ್ತಿರಲಿಲ್ಲ. ಶಿಕ್ಷೆಯಾಗದ್ದೇ ಅವನಿಗೆ ಶಿಕ್ಷೆಯಾಯಿತು.

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಕೇಂದ್ರ ಸರ್ಕಾರ 1993ರ ಆಗಸ್ಟ್ 25ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರಕರಣ ಬಾಕಿಯಿರುವ ನ್ಯಾಯಾಲಯದಿಂದ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡಬೇಕು. ಆದರೆ ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಆದೇಶದಲ್ಲಿ ನ್ಯಾಯಾಲಯ ಅವಧಿಯನ್ನು ನಮೂದಿಸಿದ್ದರೆ ಅಷ್ಟು ಅವಧಿಗೆ ಪಾಸ್‌ಪೋರ್ಟ್ ಸಿಗುತ್ತದೆ. ನಮೂದಿಸದಿದ್ದರೆ ಸಿಗುವುದು ಒಂದೇ ವರ್ಷಕ್ಕೆ. ಅವಧಿ ನಮೂದಿಸಿರೆಂದು ಪ್ರಾರ್ಥಿಸುವುದನ್ನು ವಕೀಲರು ಮರೆತರೆ, ಎರಡು ವರ್ಷದ ಕರಾರಿಗೆ ಸಹಿ ಮಾಡಬೇಕಾದವನ ಕೈಗೆ ಒಂದು ವರ್ಷದ ಪುಸ್ತಕ ಬರುತ್ತದೆ. ನಮ್ಮ ಯುವಕನಿಗೆ ಆದದ್ದೂ ಇದೇ. ಹೈದರಾಬಾದಿನ ಏಜೆಂಟ್ ಅದನ್ನು ತಿರುವಿ ನೋಡಿ ಹಿಂದಿರುಗಿಸಿದ. ಕೆಲಸ ಬೇರೊಬ್ಬನ ಪಾಲಾಯಿತು.

ಇನ್ನೊಂದು ಸ್ಪಷ್ಟೀಕರಣವೂ ಅನೇಕರಿಗೆ ತಿಳಿದಿಲ್ಲ. ಎಫ್‌ಐಆರ್ ದಾಖಲಾಗಿ ತನಿಖೆ ನಡೆಯುತ್ತಿರುವುದು ಮಾತ್ರಕ್ಕೆ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿದೆ ಎಂದಾಗುವುದಿಲ್ಲ, ನ್ಯಾಯಾಲಯ ಅದನ್ನು ಗಣನೆಗೆ ತೆಗೆದುಕೊಂಡ ಮೇಲಷ್ಟೇ ಹಾಗೆ ಪರಿಗಣಿಸಬೇಕು ಎಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಜ್ಞಾಪನದಲ್ಲಿ ತಿಳಿಸಿದೆ. 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಂದು ಮಾತು ಹೇಳಿತು. ಒಂದು ವರ್ಷದ ಶಿಕ್ಷೆಗೆ ಗುರಿಯಾಗಿ ಮೇಲ್ಮನವಿ ಸಲ್ಲಿಸಿದ್ದ ವ್ಯಕ್ತಿಯೊಬ್ಬರ ಪಾಸ್‌ಪೋರ್ಟ್ ನವೀಕರಣವನ್ನು, ಮೇಲ್ಮನವಿ ಬಾಕಿಯಿದೆ ಎಂಬ ಕಾರಣಕ್ಕೆ ನಿರಾಕರಿಸಲಾಗದು ಎಂಬುದು ಅದರ ಆದೇಶ. ಇಂಥ ಆದೇಶಗಳು ದೆಹಲಿಯಿಂದ ಹೊರಟು ತಾಲ್ಲೂಕು ಠಾಣೆಯ ಮೇಜಿನವರೆಗೆ ತಲುಪಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಬೇರೆಯೇ ಮಾತು. ಪರಿಶೀಲನೆಗೆ ಬರುವ ಪೇದೆ ‘ಕೇಸ್ ಇದೆ’ ಎಂಬ ಎರಡು ಪದ ಬರೆದರೆ, ಅದು ಯಾವ ಕೇಸು, ಯಾವ ಹಂತದಲ್ಲಿದೆ ಎಂದು ವಿವರಿಸುವ ಹೊರೆ ಅರ್ಜಿದಾರನ ತಲೆಯ ಮೇಲೆ ಬೀಳುತ್ತದೆ.

ಈ ಬಿಗಿ ಎಲ್ಲರಿಗೂ ಒಂದೇ ಆಗಿದ್ದರೆ ಸಮಾಧಾನವಾದರೂ ಇರುತ್ತಿತ್ತು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ವಿಜಯ್ ಮಲ್ಯ 2016ರ ಮಾರ್ಚ್ ತಿಂಗಳಲ್ಲಿ ದೇಶ ಬಿಟ್ಟರು. ಪಾಸ್‌ಪೋರ್ಟ್ ರದ್ದಾದದ್ದು ಏಪ್ರಿಲ್ ತಿಂಗಳಲ್ಲಿ. ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ 2024ರ ಏಪ್ರಿಲ್‌ನಲ್ಲಿ ಮತದಾನ ಮುಗಿದ ಬೆನ್ನಲ್ಲೇ ರಾಜತಾಂತ್ರಿಕ ಪಾಸ್‌ಪೋರ್ಟಿನ ಬಲದಿಂದ, ವೀಸಾದ ಅಗತ್ಯವೂ ಇಲ್ಲದೆ, ಜರ್ಮನಿಗೆ ತೆರಳಿದರು. ಅವರು ಮರಳಿ ಬಂಧನಕ್ಕೊಳಗಾದದ್ದು ಮೇ 31ರಂದು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೊರಟ ಗಳಿಗೆಯಲ್ಲಿ ಈ ಬಗ್ಗೆ ಪ್ರಕರಣ ದಾಖಲಾಗಿರಲಿಲ್ಲ, ಆದ್ದರಿಂದ ಪಾಸ್‌ಪೋರ್ಟ್ ಕಾಯ್ದೆಯ ಈ ಕಲಮು ಅವರನ್ನು ತಡೆಯುವಂತಿರಲಿಲ್ಲ ಎಂಬುದನ್ನು ಒಪ್ಪಬೇಕು. ನಾನು ಹೇಳುತ್ತಿರುವುದೂ ಅದನ್ನೇ. ಓಡಿಹೋಗುವ ಸಾಮರ್ಥ್ಯವುಳ್ಳವರು ಕಲಮು ಅನ್ವಯವಾಗುವ ಮುನ್ನವೇ ಹೊರಟುಬಿಡುತ್ತಾರೆ. ಅದು ಹಿಡಿದಿಡುವುದು ಎಲ್ಲಿಗೂ ಓಡಿಹೋಗದವರನ್ನು. ಹೊಲ, ಮನೆ, ಮುದಿ ತಂದೆತಾಯಿ ಎಲ್ಲವನ್ನೂ ಕಮಲಾಪುರದಲ್ಲಿಯೇ ಬಿಟ್ಟು ದುಡಿಯಲು ಹೋಗುವ ಹುಡುಗ ತಲೆಮರೆಸಿಕೊಳ್ಳುವುದಾದರೂ ಎಲ್ಲಿ?

ಇನ್ನು ವೀಸಾದ ಮಾತು. ಪಾಸ್‌ಪೋರ್ಟ್ ನಮ್ಮ ದೇಶದ ಕಾಗದ, ವೀಸಾ ಅವರ ಮನೆಯ ಬಾಗಿಲು. ಯಾರನ್ನು ಒಳಗೆ ಬಿಡಬೇಕೆಂಬುದು ಅವರವರ ಇಷ್ಟ. ಆದರೂ ಆ ದೇಶಗಳ ಕಾನೂನುಗಳಲ್ಲಿ ಅಪರಾಧದ ತೂಕ ನೋಡುವ ತಕ್ಕಡಿ ಇದೆ ಎಂಬುದನ್ನು ಗಮನಿಸಬೇಕು. ಅಮೆರಿಕದ ವಲಸೆ ಕಾನೂನು ನೈತಿಕ ಅಧಃಪತನದ ಅಪರಾಧವನ್ನು ಅನರ್ಹತೆ ಎಂದು ಎಣಿಸಿದರೂ, ಒಂದೇ ಒಂದು ಸಣ್ಣ ಅಪರಾಧವಿದ್ದು, ಅದಕ್ಕೆ ಇರುವ ಗರಿಷ್ಠ ಶಿಕ್ಷೆ ಒಂದು ವರ್ಷವನ್ನು ಮೀರದಿದ್ದರೆ ಹಾಗೂ ವಿಧಿಸಿದ ಶಿಕ್ಷೆ ಆರು ತಿಂಗಳನ್ನು ದಾಟದಿದ್ದರೆ ವಿನಾಯಿತಿ ಕೊಡುತ್ತದೆ. ಕೆನಡಾದಲ್ಲಿ ಶಿಕ್ಷೆ ಮುಗಿದು ಐದು ವರ್ಷವಾದ ಮೇಲೆ ಪುನರ್ವಸತಿಗೆ ಅರ್ಜಿ ಹಾಕಿಕೊಳ್ಳುವ ಅವಕಾಶವಿದೆ. ಅದೇ ಕೆನಡಾ 2018ರ ಡಿಸೆಂಬರ್‌ನಿಂದ ಕುಡಿದು ವಾಹನ ಚಲಾಯಿಸುವುದನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದೆ. ರಾತ್ರಿಯ ತಪಾಸಣೆಯಲ್ಲಿ ಸಿಕ್ಕಿಬಿದ್ದು, ಮರುದಿನ ದಂಡ ಕಟ್ಟಿ ಮರೆತುಬಿಡುವ ನಮ್ಮ ವಿದ್ಯಾವಂತ ತರುಣರು ಇದನ್ನು ನೆನಪಿಡುವುದು ಒಳ್ಳೆಯದು. ಆಸ್ಟ್ರೇಲಿಯಾ ಹನ್ನೆರಡು ತಿಂಗಳು ಅಥವಾ ಅದಕ್ಕೂ ಹೆಚ್ಚಿನ ಸೆರೆವಾಸದ ಶಿಕ್ಷೆಯನ್ನು ಮುಖ್ಯ ಗೆರೆಯಾಗಿ ಎಳೆದುಕೊಂಡಿದೆ.

ಅಂದರೆ ಹಳೆಯ ಸಣ್ಣ ತಪ್ಪೊಂದು ತಾನಾಗಿಯೇ ಬಾಗಿಲು ಮುಚ್ಚಿಸುವುದು ಅಪರೂಪ. ಬಾಗಿಲು ಮುಚ್ಚಿಸುವುದು ಸುಳ್ಳು. ಮುಖ್ಯ ಸಂಗತಿಯೊಂದನ್ನು ಬೇಕೆಂದೇ ಮರೆಮಾಚಿ ವೀಸಾ ಪಡೆಯಲು ಯತ್ನಿಸಿದವರನ್ನು ಅಮೆರಿಕದ ಕಾನೂನು ಶಾಶ್ವತವಾಗಿ ಅನರ್ಹರೆಂದು ಪರಿಗಣಿಸುತ್ತದೆ. ಅದರಿಂದ ವಿನಾಯಿತಿ ಪಡೆಯುವ ದಾರಿ ಬಲು ಕಿರಿದು. ನಮ್ಮ ಪಾಸ್‌ಪೋರ್ಟ್ ಕಾಯ್ದೆಯ 12ನೆಯ ಕಲಮು ಕೂಡ ಸುಳ್ಳು ಮಾಹಿತಿ ಕೊಟ್ಟವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ‘ಇಲ್ಲ ಅಂತ ಬರೀರಿ, ಯಾರ್ ನೋಡ್ತಾರ?’ ಎನ್ನುವ ಏಜೆಂಟರು ಪ್ರತಿ ಊರಿನಲ್ಲಿದ್ದಾರೆ. ಇಸ್ಪೀಟಿನ ಪ್ರಕರಣವನ್ನು ವಂಚನೆಯ ಪ್ರಕರಣವಾಗಿ ಪರಿವರ್ತಿಸುವುದು ಅವರ ಈ ಒಂದು ಮಾತು.

ಹೀಗಾಗಿ ನಾನು ಆ ಹಿರಿಯರಿಗೆ ‘ಹೌದು ಎಂದೇ ಬರೆಸಿರಿ, ಜೊತೆಗೆ ತೀರ್ಪಿನ ದೃಢೀಕೃತ ಪ್ರತಿ ಇಡೋಣ’ ಎಂದೆ. ಪ್ರತಿಗಾಗಿ ಅರ್ಜಿ ಹಾಕಿದೆವು. ಸಣ್ಣ ಪ್ರಕರಣಗಳ ಕಡತಗಳನ್ನು ನಿಗದಿತ ವರ್ಷಗಳ ನಂತರ ನಾಶಪಡಿಸುವುದು ನಿಯಮ. ಅದರಂತೆ ಈ ಕಡತವೂ ನಾಶವಾಗಿತ್ತು. ಶಿಕ್ಷೆ ಕೊಟ್ಟ ನ್ಯಾಯಾಲಯವೇ ಮರೆತ ಸಂಗತಿಯನ್ನು ಶಿಕ್ಷೆ ಅನುಭವಿಸಿದವನು ಮಾತ್ರ ನೆನಪಿಟ್ಟುಕೊಂಡು, ಅದಕ್ಕೆ ಪುರಾವೆಯನ್ನೂ ತಾನೇ ಹುಡುಕಬೇಕಾದ ಸ್ಥಿತಿ. ಕೊನೆಗೆ ಕಡತ ನಾಶವಾಗಿದೆ ಎಂಬ ಹಿಂಬರಹವನ್ನೇ ಪಡೆದು, ಜೊತೆಗೊಂದು ಪ್ರಮಾಣಪತ್ರ ಸಿದ್ಧಪಡಿಸಿ ಕಳಿಸಿದೆವು.

ನಮ್ಮ ಕಾನೂನಿನಲ್ಲಿ ಮರೆವಿಗೆ ಸ್ಥಾನವೇ ಇಲ್ಲವೆಂದು ಹೇಳಲಾಗದು. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ ಅಡಿಯಲ್ಲಿ ನ್ಯಾಯಾಧೀಶರು ತಪ್ಪಿತಸ್ಥನಿಗೆ ಎಚ್ಚರಿಕೆ ನೀಡಿ ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಹಾಗೆ ಬಿಟ್ಟವರಿಗೆ ಶಿಕ್ಷೆಯ ಕಾರಣದಿಂದ ಬರುವ ಯಾವ ಅನರ್ಹತೆಯೂ ತಗಲುವುದಿಲ್ಲ ಎನ್ನುತ್ತದೆ ಅದರ 12ನೆಯ ಕಲಮು. 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳ ವಿಷಯದಲ್ಲಿ ಇಂಥದೇ ರಕ್ಷಣೆ ಕೊಟ್ಟಿದೆ. ಆದರೆ ದಂಡ ಕಟ್ಟಿ ಹೋದ ವಯಸ್ಕನಿಗೆ, ಇಂತಿಷ್ಟು ವರ್ಷ ಸನ್ನಡತೆಯಿಂದ ಬಾಳಿದ ಮೇಲೆ ಹಳೆಯ ಶಿಕ್ಷೆ ಸವೆದುಹೋಯಿತು ಎಂದು ಸಾರುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಬ್ರಿಟನ್ ಅಂಥದೊಂದು ಕಾಯ್ದೆಯನ್ನು 1974ರಲ್ಲಿಯೇ ಮಾಡಿಕೊಂಡಿತು. ಅವರ ದಂಡ ಸಂಹಿತೆಯ ಪರಂಪರೆಯನ್ನು ಉಳಿಸಿಕೊಂಡ ನಾವು, ಅದರ ಕಾಠಿಣ್ಯವನ್ನು ತಗ್ಗಿಸಲು ಅವರೇ ನಂತರ ಮಾಡಿದ್ದನ್ನು ಅನುಸರಿಸಲಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಗಳಾದರೂ ಈ ಕೊರತೆಯನ್ನು ತುಂಬಬಹುದಾಗಿತ್ತು. ತುಂಬಲಿಲ್ಲ.

ನಮ್ಮಲ್ಲಿ ಸುಲಭವಾಗಿ ನಡೆಯುವುದು ಬೇರೊಂದು ಬಗೆಯ ಮರೆವು. ಸರ್ಕಾರಗಳು ಬದಲಾದಂತೆ ತಮಗೆ ಬೇಕಾದವರ ಮೇಲಿನ ಪ್ರಕರಣಗಳನ್ನು ಹಿಂಪಡೆಯುವ ತೀರ್ಮಾನಗಳು ಸಂಪುಟದಲ್ಲಿ ಆಗುತ್ತವೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 43 ಪ್ರಕರಣಗಳನ್ನು ಹಿಂಪಡೆಯಲು ಹೊರಡಿಸಿದ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಹಿಂಪಡೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಪಟ್ಟಿಯಲ್ಲಿ ಯಾರ ಹೆಸರು ಸೇರುತ್ತದೆ ಎಂಬುದು ಪ್ರಭಾವದ ಮೇಲೆ ನಿರ್ಧಾರವಾಗಬಾರದು. ತೊಗರಿಗಾಗಿ ಹೆದ್ದಾರಿಯಲ್ಲಿ ಕುಳಿತವನ ಹೆಸರು ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತುವವರು ಯಾರು?

ಆಗಬೇಕಾದದ್ದು ಬಹಳವೇನಿಲ್ಲ. ಮೊದಲನೆಯದಾಗಿ, ಬಾಕಿ ಪ್ರಕರಣದ ಕಲಮಿಗೂ ಅಪರಾಧದ ಸ್ವರೂಪ ಮತ್ತು ಕಾಲದ ಅಳತೆ ಬರಬೇಕು. ಎರಡು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪಗಳಲ್ಲಿ ಪಾಸ್‌ಪೋರ್ಟ್ ಕೊಡುವುದೇ ನಿಯಮವಾಗಿ, ತಡೆಯುವುದು ಅಪವಾದವಾಗಬೇಕು. ಎರಡನೆಯದಾಗಿ, ಅನುಮತಿ ಕೊಡುವ ನ್ಯಾಯಾಲಯಗಳು ಆದೇಶದಲ್ಲಿ ಅವಧಿಯನ್ನು ತಪ್ಪದೆ ನಮೂದಿಸಬೇಕು. ಮೂರನೆಯದಾಗಿ, ತಪ್ಪೊಪ್ಪಿಕೊಳ್ಳುವವನಿಗೆ ಅದರ ಪರಿಣಾಮ ದಂಡದ ಮೊತ್ತಕ್ಕೆ ಮುಗಿಯುವುದಿಲ್ಲವೆಂದು ತಿಳಿಯಪಡಿಸಬೇಕು. 1958ರ ಕಾಯ್ದೆಯ ಲಾಭವನ್ನು ಕೇಳಿ ಪಡೆಯುವುದು ವಕೀಲರ ಹೊಣೆ. ಕೊನೆಯದಾಗಿ, ಸವೆದುಹೋದ ಶಿಕ್ಷೆಗಳ ಬಗ್ಗೆ ನಮಗೂ ಒಂದು ಕಾಯ್ದೆ ಬೇಕು. ಅದರಿಂದ ಪರದೇಶದ ಪ್ರಶ್ನಾವಳಿ ಬದಲಾಗದು, ನಿಜ. ಆದರೆ ಉತ್ತರಿಸುವವನ ಕೈಯಲ್ಲಿ ತನ್ನ ದೇಶ ಕೊಟ್ಟ ಒಂದು ಕಾಗದವಾದರೂ ಇರುತ್ತದೆ.

ಕಲಬುರಗಿ ಬದಲಾಗಿದೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆಯಿತು. 2019ರಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕಾಗಿದ್ದ ಕಾಲ ಹೋಗಿ ಊರಿನಲ್ಲಿಯೇ ಸೇವಾ ಕೇಂದ್ರವಾಗಿದೆ. ಹಜ್ ಯಾತ್ರೆಗೆ ಹೊರಡುವವರು, ಮಕ್ಕಳನ್ನು ನೋಡಲು ಹೋಗುವವರು, ದುಡಿಯಲು ಹೋಗುವವರು ಹಳ್ಳಿಹಳ್ಳಿಯಿಂದ ಬರುತ್ತಿದ್ದಾರೆ. ಲೋಕಕ್ಕೆ ಹೋಗುವ ದಾರಿ ಹತ್ತಿರವಾದಷ್ಟೂ, ಹಿಂದೆ ಯಾರ ಬದುಕಿಗೂ ಅಡ್ಡ ಬಾರದಿದ್ದ ಸಣ್ಣ ಪ್ರಕರಣಗಳು ಈಗ ಅಡ್ಡ ಬರತೊಡಗಿವೆ. ಇದು ಇನ್ನು ಮುಂದೆ ಕೆಲವರ ಸಮಸ್ಯೆಯಾಗಿ ಉಳಿಯುವುದಿಲ್ಲ.

ಹಿರಿಯರಿಗೆ ಕಡೆಗೂ ವೀಸಾ ಸಿಕ್ಕಿತು. ಸಂದರ್ಶನದಲ್ಲಿ ಅಧಿಕಾರಿ ಆ ಪ್ರಕರಣದ ಬಗ್ಗೆ ಎರಡೇ ಪ್ರಶ್ನೆ ಕೇಳಿದರಂತೆ. ಆದರೆ ಕಾಗದಪತ್ರಗಳಿಗೆ ಹಿಡಿದ ಸಮಯದಲ್ಲಿ ಬಾಣಂತನ ಮುಗಿದು, ಮೊಮ್ಮಗುವಿಗೆ ನಾಲ್ಕು ತಿಂಗಳಾಗಿತ್ತು. ತೊಗರಿಯ ಪ್ರಕರಣದ ಯುವಕ ಈಗಲೂ ವಾಯಿದೆಯಿಂದ ವಾಯಿದೆಗೆ ಕಮಲಾಪುರದಿಂದ ಕಲಬುರಗಿಗೆ ಬಂದುಹೋಗುತ್ತಿದ್ದಾನೆ. ಕಳೆದ ಸಲ ಸಿಕ್ಕಾಗ, ‘ತಪ್ಪ ಒಪ್ಕೊಂಡು ದಂಡ ಕಟ್ಟಿಬಿಡ್ಲೇನ್ರಿ ಸಾಹೇಬ್ರ?’ ಎಂದು ಕೇಳಿದ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಪಾಸ್‌ಪೋರ್ಟ್ ಬೇಗ ಸಿಗುತ್ತದೆ ಎಂಬ ಅವನ ಲೆಕ್ಕ, ಇಂದಿನ ಕಾಯ್ದೆಯ ಪ್ರಕಾರ, ಸರಿಯಾಗಿಯೇ ಇದೆ. ಆ ಲೆಕ್ಕ ಸರಿಯಾಗಿರುವವರೆಗೆ ಕಾಯ್ದೆ ಸರಿಯಾಗಿದೆ ಎಂದು ಹೇಳುವುದು ಕಷ್ಟ.